ಬ್ರೇನ್ ಎಂಆರ್‌ಐ: ತಲೆ ಅಲುಗಿದಾಗ ಏನು ಮಾಡಬೇಕು?

ಪ್ರಶ್ನೆ: ಸರ್, ಬ್ರೇನ್ ಎಂಆರ್‌ಐನಲ್ಲಿ ಡಿಫ್ಯೂಷನ್ ಸೀಕ್ವೆನ್ಸ್ (ಒಂದು ಬಗೆಯ ಚಿತ್ರಗಳ ಸರಣಿ) ಚೊಕ್ಕಟವಾಗಿ ಬಂದಿರುತ್ತದೆ. ಅದರ ಬೆನ್ನಿಗೇ ತೆಗೆದ ಆಕ್ಸಿಯಲ್ (ತಲೆಯ ಅಡ್ಡ ಸೀಳಿನ) ಫ್ಲೇರ್ ಸೀಕ್ವೆನ್ಸ್‌ನಲ್ಲಿ ಮಾತ್ರ ತಲೆಬುರುಡೆಯ ಅಂಚು ಪದರ ಪದರವಾಗಿ ಕಾಣುತ್ತದೆ. ರೋಗಿ ಹೂಂ ಎನ್ನುವಂತೆ ತಲೆಯಾಡಿಸಿದ್ದರೂ ನೆರಳು ಎಡ-ಬಲಕ್ಕೆ ಏಕೆ? ಅದೇ ಸೀಕ್ವೆನ್ಸ್ ಇನ್ನೊಮ್ಮೆ ಹಾಕಿದರೂ ಹಾಗೇ ಬಂದರೆ ಏನು ದಾರಿ?

ಉತ್ತರ: ನೆರಳಿನ ದಿಕ್ಕನ್ನು ನಿರ್ಧರಿಸುವುದು ಫೇಸ್ ಎನ್‌ಕೋಡಿಂಗ್ (ಚಿತ್ರದ ಒಂದು ದಿಕ್ಕನ್ನು ಸಾಲು ಸಾಲಾಗಿ ಅಳೆಯುವ ಕ್ರಮ), ತಲೆ ಯಾವ ಕಡೆಗೆ ಅಲುಗಿತು ಎಂಬುದಲ್ಲ. ಅದಕ್ಕೆ ಅಡ್ಡಲಾದ ಫ್ರೀಕ್ವೆನ್ಸಿ ದಿಕ್ಕಿನ ಒಂದು ಸಾಲು ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ, ಅಷ್ಟರಲ್ಲಿ ತಲೆ ಅಲುಗಿದರೂ ಲೆಕ್ಕಕ್ಕಿಲ್ಲ. ಫೇಸ್ ದಿಕ್ಕಿನ ಸಾಲುಗಳು ಪ್ರತಿ ಟಿಆರ್‌ಗೆ (ಒಂದು ಪಲ್ಸ್‌ನಿಂದ ಮುಂದಿನ ಪಲ್ಸ್‌ವರೆಗಿನ ಅವಧಿ) ಕೆಲವಷ್ಟೇ ತುಂಬುತ್ತವೆ. ಫ್ಲೇರ್‌ನ ಟಿಆರ್ ಸಾಮಾನ್ಯವಾಗಿ 9 ಸೆಕೆಂಡಿನ ಆಸುಪಾಸು, ಹಾಗಾಗಿ ಒಂದು ಚಿತ್ರದ ಸಾಲುಗಳು ನಿಮಿಷಗಟ್ಟಲೆ ಹರಡಿಕೊಂಡಿರುತ್ತವೆ. ಸಿಂಗಲ್ ಶಾಟ್ ಇಪಿಐ (ಅತಿವೇಗದ ವಿಧಾನ) ಡಿಫ್ಯೂಷನ್‌ನಲ್ಲಿ ಒಂದೊಂದು ಸ್ಲೈಸ್ ಒಂದೇ ಏಟಿಗೆ ಮುಗಿಯುತ್ತದೆ. ಆದ್ದರಿಂದ ಡಿಫ್ಯೂಷನ್ ಚೆನ್ನಾಗಿದೆ ಎಂದ ಮಾತ್ರಕ್ಕೆ ರೋಗಿ ಅಲ್ಲಾಡದೆ ಮಲಗಿದ್ದರು ಎಂದುಕೊಳ್ಳಬೇಡಿ.

ಅದೇ ಸೀಕ್ವೆನ್ಸನ್ನು ಹಾಗೇ ಮತ್ತೆ ಹಾಕುವುದು ಸಮಯ ಕಳೆದಂತೆ. ಮೊದಲು ಒಳಗೆ ಹೋಗಿ, ಅಲುಗಾಟಕ್ಕೆ ಕಾರಣ ಏನೆಂದು ಕೇಳಿ. ಹೆಚ್ಚಿನವರಿಗೆ ಸೊಂಟ ಅಥವಾ ಕುತ್ತಿಗೆ ನೋಯುತ್ತಿರುತ್ತದೆ; ಕೆಮ್ಮು, ಮೂತ್ರದ ಒತ್ತಡ, ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಇವೂ ಇರಬಹುದು. ಮಂಡಿಯ ಕೆಳಗೆ ದಿಂಬಿಡಿ, ಸೊಂಟದ ಸೆಳೆತ ಇಳಿಯುತ್ತದೆ. ಹೆಡ್‌ಫೋನ್ ಮತ್ತು ಕಾಯಿಲ್ (ತಲೆಯ ಸುತ್ತ ಇಡುವ, ಸಿಗ್ನಲ್ ಹಿಡಿಯುವ ಚೌಕಟ್ಟು) ನಡುವೆ ಎರಡೂ ಕಡೆ ಸಂದು ಉಳಿಯದಂತೆ ಫೋಮ್ ಪ್ಯಾಡ್ ತುಂಬಿ, ಕತ್ತಿನ ಕೆಳಗಿನ ಟೊಳ್ಳನ್ನೂ ಮರೆಯಬೇಡಿ. ಪ್ಯಾಡ್ ಬಿಗಿಯಾಗಿರಲಿ, ಆದರೆ ಕಿವಿ ಒತ್ತಬಾರದು. ಒತ್ತಿದರೆ ಐದು ನಿಮಿಷದಲ್ಲಿ ಅವರು ತಲೆ ತಿರುಗಿಸಿಯೇ ತಿರುಗಿಸುತ್ತಾರೆ. ಹಣೆಯ ಮೇಲೆ ಅಡ್ಡಲಾಗಿ ಹಗುರವಾದ ಟೇಪ್ ಹಾಕಿ. ಅದು ತಲೆಯನ್ನು ಕಟ್ಟಿಹಾಕಲೆಂದಲ್ಲ. ಕೊಂಚ ಅಲುಗಿದರೂ ಚರ್ಮ ಎಳೆದು ಅವರಿಗೇ ತಿಳಿಯಲೆಂದು.

ಪ್ರತಿ ಸೀಕ್ವೆನ್ಸ್‌ಗೂ ಮುಂಚೆ "ಈಗ ನಾಲ್ಕು ನಿಮಿಷ" ಎಂದು ಹೇಳಿ. "ಆರಾಮಾಗಿದ್ದೀರಾ?" ಎಂದು ಮೈಕ್‌ನಲ್ಲಿ ಕೇಳಿದರೆ ಬಹಳ ಜನ ತಲೆಯಾಡಿಸಿಯೇ ಉತ್ತರಿಸುತ್ತಾರೆ! ಬಾಯಲ್ಲೇ ಹೇಳಬೇಕೆಂದು ಮೊದಲೇ ತಿಳಿಸಿ. ಕೇಳುವುದನ್ನು ಸೀಕ್ವೆನ್ಸ್‌ಗಳ ನಡುವಿನ ಬಿಡುವಿಗೆ ಇಟ್ಟುಕೊಳ್ಳಿ. ಇಷ್ಟೆಲ್ಲ ಸರಿಪಡಿಸಿದ ಮೇಲೆ ಲೋಕಲೈಸರ್ (ಸ್ಲೈಸ್‌ಗಳ ಜಾಗ ಗುರುತಿಸುವ ಮೊದಲ ಚಿತ್ರ) ಹೊಸದಾಗಿ ತೆಗೆಯಲೇಬೇಕು. ಹಳೆಯದರ ಮೇಲೆ ಹಾಕಿದ ಸ್ಲೈಸ್‌ಗಳು ಈಗಿನ ತಲೆಗೆ ಹೊಂದುವುದಿಲ್ಲ.

ಮರುಪ್ರಶ್ನೆ: ಅಲುಗಾಟ ತಿದ್ದುವ ಪ್ರೊಪೆಲ್ಲರ್ ಅಥವಾ ಬ್ಲೇಡ್ ಸೀಕ್ವೆನ್ಸ್ ಹಾಕಿಬಿಟ್ಟರೆ ಸಾಕಲ್ಲವೇ ಸರ್?

ಉತ್ತರ: ಒಳ್ಳೆಯ ಸಾಧನ, ಆದರೆ ಮಿತಿ ತಿಳಿದು ಬಳಸಿ. ಜಿಇಯ ಪ್ರೊಪೆಲ್ಲರ್, ಸೀಮೆನ್ಸ್‌ನ ಬ್ಲೇಡ್, ಫಿಲಿಪ್ಸ್‌ನ ಮಲ್ಟಿವೇನ್ ಮೂರರ ತತ್ವವೂ ಒಂದೇ. ಸಾಲುಗಳ ಪಟ್ಟಿಯೊಂದು ತಿರುಗುತ್ತಾ ಪ್ರತಿ ಸಲವೂ ಕೆ-ಸ್ಪೇಸ್‌ನ (ಅಳೆದ ಸಾಲುಗಳೆಲ್ಲ ಸೇರುವ ದತ್ತಾಂಶದ) ನಡುಭಾಗವನ್ನು ಅಳೆಯುತ್ತದೆ. ಆ ನಡುಭಾಗಗಳನ್ನು ಹೋಲಿಸಿ, ತಲೆ ಎಷ್ಟು ಸರಿದಿದೆ, ಎಷ್ಟು ತಿರುಗಿದೆ ಎಂದು ಲೆಕ್ಕಹಾಕಿ ತಿದ್ದುತ್ತದೆ. ಈ ತಿದ್ದುಪಡಿ ಸ್ಲೈಸ್‌ನ ಸಮತಲದೊಳಗಿನ ಚಲನೆಗೆ ಮಾತ್ರ. ತಲೆಯನ್ನು ಎಡಕ್ಕೆ-ಬಲಕ್ಕೆ ತಿರುಗಿಸುವವರಿಗೆ ಆಕ್ಸಿಯಲ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹೂಂಗುಡುವಂತೆ ಆಡಿಸುವವರಲ್ಲಿ ಆಕ್ಸಿಯಲ್ ಸ್ಲೈಸ್ ತನ್ನ ಸಮತಲವನ್ನೇ ಬಿಟ್ಟುಹೋಗುತ್ತದೆ, ಅವರಿಗೆ ಸ್ಯಾಜಿಟಲ್ (ಪಕ್ಕದಿಂದ ನೋಡುವ ಸೀಳು) ವಾಸಿ. ಸಮಯವೂ ಸುಮಾರು ಒಂದೂವರೆ ಪಟ್ಟಾಗುತ್ತದೆ.

ಏನು ಮಾಡಿದರೂ ಸುಮ್ಮನಿರಲಾಗದವರಿಗೆ ಡಿಫ್ಯೂಷನ್ ಮೊದಲು, ಆಮೇಲೆ ವೈದ್ಯರ ಪ್ರಶ್ನೆಗೆ ಅತಿ ಅಗತ್ಯವಾದ ಸೀಕ್ವೆನ್ಸ್. ಪ್ಯಾರಲಲ್ ಇಮೇಜಿಂಗ್ (ಹಲವು ಕಾಯಿಲ್‌ಗಳ ನೆರವಿನಿಂದ ಕಡಿಮೆ ಸಾಲು ಅಳೆಯುವುದು) ಅಂಶ 2 ಇಟ್ಟರೆ ಸಮಯ ಅರ್ಧವಾಗುತ್ತದೆ, ಸಿಗ್ನಲ್-ನಾಯ್ಸ್ ಅನುಪಾತ ಕನಿಷ್ಠ 30% ಇಳಿಯುತ್ತದೆ. ಸಿಂಗಲ್ ಶಾಟ್ ಟಿ2 ಸೀಕ್ವೆನ್ಸ್‌ನಲ್ಲಿ ಸ್ಲೈಸ್‌ಗೆ ಸುಮಾರು ಒಂದು ಸೆಕೆಂಡ್ ಸಾಕು, ಆದರೆ ಅಂಚುಗಳು ಮಸುಕಾಗಿ ಸಣ್ಣ ಗಾಯಗಳು ತಪ್ಪಿಹೋಗಬಹುದು.

ಮರುಪ್ರಶ್ನೆ: ಎಲ್ಲ ನೆರಳೂ ತಲೆಯ ಅಲುಗಾಟದಿಂದಲೇ ಬಂದದ್ದೇ?

ಉತ್ತರ: ಅಲ್ಲ. ಬುರುಡೆಯ ಅಂಚೆಲ್ಲ ಸ್ಪಷ್ಟವಾಗಿದ್ದು, ಕಣ್ಣಿನ ಅಥವಾ ದೊಡ್ಡ ಸೈನಸ್‌ನ (ಮಿದುಳಿನ ರಕ್ತ ಸಾಗಿಸುವ ಸಿರೆನಾಳ) ಮಟ್ಟದಲ್ಲಷ್ಟೇ ಪಟ್ಟಿಯಂತೆ ನೆರಳಿದ್ದರೆ ಅದು ಕಣ್ಣಿನ ಚಲನೆ ಅಥವಾ ರಕ್ತದ ಹರಿವು. ಅದಕ್ಕೆ ಪ್ಯಾಡ್ ಬಿಗಿ ಮಾಡಿ ಫಲವಿಲ್ಲ. ಫೇಸ್ ದಿಕ್ಕು ಬದಲಿಸಿ, ಹರಿವಿನದ್ದಾದರೆ ಸ್ಯಾಚುರೇಶನ್ ಬ್ಯಾಂಡ್ (ಹರಿದು ಬರುವ ರಕ್ತದ ಸಿಗ್ನಲ್ ಅಡಗಿಸುವ ಪಟ್ಟಿ) ಹಾಕಿ.