ಹಳೆಯ ಎಸ್‌ಎಲ್‌ಕೆ 200 ಕಂಪ್ರೆಸರ್: ಬಿಸಿಯಾದಾಗ ಇಂಜಿನ್ ನಿಲ್ಲುತ್ತದೆ, ಇಸಿಯು ಬದಲಿಸಬೇಕೆನ್ನುತ್ತಾರೆ

ಬದಿಯಡ್ಕದ ಕೃಷಿಕ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಬಳಿ ಅಡಕೆ ತೋಟ ನೋಡಿಕೊಂಡಿರುವವನು. ಮೂರು ವರ್ಷಗಳ ಹಿಂದೆ 2006ರ ಮಾದರಿಯ ಮರ್ಸಿಡಿಸ್ ಎಸ್‌ಎಲ್‌ಕೆ 200 ಕಂಪ್ರೆಸರ್ ಒಂದನ್ನು ಬಹಳ ಆಸೆಯಿಂದ ಕೊಂಡು ತಂದೆ. ಎರಡೇ ಸೀಟು, ಮಡಚಿಕೊಂಡು ಡಿಕ್ಕಿಯೊಳಗೆ ಇಳಿಯುವ ಲೋಹದ ಮಾಡು (ಛಾವಣಿ), ಸೂಪರ್‌ಚಾರ್ಜರ್ (ಇಂಜಿನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು) ಇರುವ 1.8 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್, ಐದು ಗೇರಿನ ಆಟೋಮ್ಯಾಟಿಕ್. ಮೊದಲ ಎರಡು ವರ್ಷ ಯಾವ ತಕರಾರೂ ಇರಲಿಲ್ಲ.

ಕಳೆದ ಮಳೆಗಾಲದ ಕೊನೆಗೆ ಬೆಳಗಿನ ಹೊತ್ತು ಸ್ಟಾರ್ಟ್ ಮಾಡಿದಾಗ ಇಂಜಿನ್ ನಡುಗಲಾರಂಭಿಸಿತು, ಚೆಕ್ ಇಂಜಿನ್ ದೀಪ ಹೊತ್ತಿಕೊಂಡಿತು. ಸ್ವಲ್ಪ ದಿನದಲ್ಲಿ ಎಳೆತವೂ ಕಡಿಮೆಯಾಯಿತು. ಆಮೇಲೆ ಒಂದು ಮಧ್ಯಾಹ್ನ ಮಂಗಳೂರಿನಿಂದ ಹಿಂದಿರುಗುವಾಗ, ತಲಪಾಡಿ ದಾಟಿ ಕುಂಬಳೆಯಲ್ಲಿ ಹೆದ್ದಾರಿ ಬಿಟ್ಟು ಸೀತಾಂಗೋಳಿಯ ಕಡೆಗೆ ತಿರುಗಿದ ಮೇಲೆ, ಏರಿನಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಇಂಜಿನ್ ನಿಂತುಹೋಯಿತು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಚೆನ್ನಾಗಿಯೇ ತಿರುಗುತ್ತಿತ್ತು, ಇಂಜಿನ್ ಮಾತ್ರ ಹಿಡಿಯಲಿಲ್ಲ. ರಸ್ತೆಯ ಬದಿಗೆ ದೂಡಿ ಅರ್ಧ ಗಂಟೆ ಕಾದೆವು. ಮತ್ತೆ ಕೀಲಿ ತಿರುಗಿಸಿದೊಡನೆ ಏನೂ ಆಗದಂತೆ ಹೊರಟಿತು. ಅಂದಿನಿಂದ ನಾಲ್ಕು ಸಲ ಹೀಗಾಗಿದೆ, ನಾಲ್ಕೂ ಸಲ ಇಂಜಿನ್ ಚೆನ್ನಾಗಿ ಕಾದ ಮೇಲೆಯೇ. ಇದರ ಜೊತೆಗೆ ಮಾಡು ತೆರೆಯುವುದು ನಿಂತಿದೆ. ಕೆಲವೊಮ್ಮೆ ಬಾಗಿಲಿನ ಲಾಕ್ ತಾನಾಗಿಯೇ ಬೀಳುತ್ತದೆ.

ಒಂದು ವರ್ಕ್‌ಶಾಪಿನಲ್ಲಿ ಸ್ಕ್ಯಾನರಿನಲ್ಲಿ ದೋಷ ಸೂಚಿಸುವ ಮೂರು ಕೋಡ್ ಸಿಕ್ಕಿತು: ಪಿ0171, ಪಿ0341, ಪಿ0135. ಅವರು ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್, ಸ್ಪಾರ್ಕ್ ಪ್ಲಗ್‌ಗಳು ಮತ್ತು ಹೊಗೆಕೊಳವೆಯ ಮುಂಭಾಗದ ಆಕ್ಸಿಜನ್ ಸೆನ್ಸರನ್ನು ಬದಲಾಯಿಸಿದರು. ಒಂದು ವಾರದೊಳಗೆ ಮೂರೂ ಕೋಡ್ ಹಿಂದೆ ಬಂದವು. ಈಗ ಇಸಿಯು (ಇಂಜಿನನ್ನು ನಿಯಂತ್ರಿಸುವ ಕಂಪ್ಯೂಟರ್) ಕೆಟ್ಟಿದೆ, ಹೊಸದನ್ನು ತರಿಸಿ ಕೋಡಿಂಗ್ ಮಾಡಿಸಬೇಕು ಎನ್ನುತ್ತಿದ್ದಾರೆ. ಅದರ ಖರ್ಚು ಕೇಳಿದರೆ ಕಾರನ್ನೇ ಮಾರಿಬಿಡೋಣ ಎನ್ನಿಸುತ್ತದೆ, ಆದರೆ ಮಾರಲು ಮನಸ್ಸು ಒಪ್ಪುತ್ತಿಲ್ಲ. ನಿಜವಾಗಿಯೂ ಇಸಿಯು ಹೋಗಿರಬಹುದೇ? ಮಲ್ಟಿಮೀಟರ್ ಮತ್ತು ಒಂದು ಬ್ಲೂಟೂತ್ ಸ್ಕ್ಯಾನರ್ ನನ್ನಲ್ಲಿವೆ. ಯಾವುದರಿಂದ ಶುರು ಮಾಡಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಕುಂಬಳೆ ವಯರಿಂಗ್ ಬರೆದದ್ದು:

ನಮಸ್ಕಾರ ಅಣ್ಣ. ಇಸಿಯುವಿಗೆ ಒಂದು ರೂಪಾಯಿಯನ್ನೂ ಈಗ ಕೊಡಬೇಡಿ. ನಾನು ಗಲ್ಫಿನಲ್ಲಿ ಬಹಳ ವರ್ಷ ಇಂಥ ಕಾರುಗಳ ವಯರಿಂಗ್ ಕೆಲಸ ಮಾಡಿ ಊರಿಗೆ ಬಂದವನು. ಇಸಿಯು ಹೋಗಿದೆ ಎಂದು ನನ್ನ ಮುಂದೆ ಬಂದ ಕಾರುಗಳಲ್ಲಿ ಹೆಚ್ಚಿನವಕ್ಕೆ ಇಸಿಯು ಸರಿಯಾಗಿಯೇ ಇತ್ತು. ಅದಕ್ಕೆ ಬರುವ ಕರೆಂಟು, ಅರ್ತ್ ಅಥವಾ ಕನೆಕ್ಟರಿನಲ್ಲಿ ತೊಂದರೆ ಇತ್ತು. ಒಂದು ಕೋಡ್ ಬಂದರೆ ಆ ಸರ್ಕ್ಯೂಟಿನಲ್ಲಿ ಇಸಿಯು ನಿರೀಕ್ಷಿಸಿದ ಸಂಕೇತ ಸಿಗಲಿಲ್ಲ ಎಂದಷ್ಟೇ ತಿಳಿಯಬೇಕು. ಸೆನ್ಸರ್, ಅದರ ವಯರು, ಪಿನ್ನು, ಅರ್ತ್ ಎಲ್ಲವೂ ಆ ಸರ್ಕ್ಯೂಟಿನ ಒಳಗೇ ಬರುತ್ತವೆ. ನಿಮ್ಮ ಮೂರು ಕೋಡ್‌ಗಳನ್ನು ಮೂರು ಬಿಡಿಭಾಗಗಳ ಹೆಸರೆಂದು ಓದಿದ್ದರಿಂದಲೇ ಇಷ್ಟು ಹಣ ವ್ಯರ್ಥವಾಗಿದೆ.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ 12.5 ವೋಲ್ಟ್‌ಗಿಂತ ಮೇಲಿರಬೇಕು, ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು, ಇಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಇಂಜಿನ್ ಬ್ಲಾಕಿಗೂ ಇಟ್ಟು, ಹೆಡ್‌ಲೈಟ್ ಮತ್ತು ಎಸಿ ಹಾಕಿ ಓಡುವ ಇಂಜಿನಿನಲ್ಲಿ ಅಳೆಯಿರಿ. 0.1 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಪಟ್ಟಿಯ ಬೋಲ್ಟನ್ನು ಬಿಚ್ಚಿ ಉಜ್ಜಿ ಬಿಗಿಯಬೇಕು. ನಮ್ಮ ಉಪ್ಪುಗಾಳಿಗೆ ಆ ಬೋಲ್ಟಿನ ಅಡಿ ಹಸಿರು ಹಿಡಿಯುತ್ತದೆ. ವೋಲ್ಟೇಜ್ ತಗ್ಗಿದಾಗ ಒಂದಕ್ಕೊಂದು ಮಾತಾಡುವ ಕಂಟ್ರೋಲ್ ಯೂನಿಟ್‌ಗಳು ಸಂಬಂಧವೇ ಇಲ್ಲದ ದೂರುಗಳನ್ನು ದಾಖಲಿಸುತ್ತವೆ. ನಿಮ್ಮ ಲಾಕ್ ತಾನಾಗಿ ಬೀಳುವುದಕ್ಕೂ ಇದು ಕಾರಣವಾಗಿರಬಹುದು.

ಎರಡನೆಯದು ಈ ಇಂಜಿನಿಗೇ ವಿಶೇಷವಾದದ್ದು, ನನಗೆ ಹೆಚ್ಚು ಸಂಶಯವಿರುವುದೂ ಇಲ್ಲಿಯೇ. ಎಂ271 ಎಂಬ ಈ ಇಂಜಿನಿನ ತಲೆಯ ಮುಂಭಾಗದಲ್ಲಿ, ವಾಲ್ವ್‌ಗಳನ್ನು ತೆರೆಯುವ ಎರಡು ಕ್ಯಾಮ್‌ಶಾಫ್ಟ್‌ಗಳ ಎದುರು, ವಾಲ್ವ್ ಟೈಮಿಂಗ್ ಹೊಂದಿಸುವ ಎರಡು ಮ್ಯಾಗ್ನೆಟ್‌ಗಳಿವೆ. ವರ್ಷಗಳು ಕಳೆದಂತೆ ಅವುಗಳ ಒಳಗಿನ ಸೀಲ್ ಸೋತು ಇಂಜಿನ್ ಆಯಿಲ್ ಕನೆಕ್ಟರಿನೊಳಗೆ ಬರುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ಹಾಗೆ, ವಯರಿನ ತಾಮ್ರದ ಎಳೆಗಳ ನಡುವೆ ಆಯಿಲ್ ಹರಿದು ಮೀಟರುಗಟ್ಟಲೆ ದೂರದ ಇಸಿಯು ಪ್ಲಗ್ಗಿನವರೆಗೂ ಆಕ್ಸಿಜನ್ ಸೆನ್ಸರಿನವರೆಗೂ ಹೋಗಬಲ್ಲದು. ಆಕ್ಸಿಜನ್ ಸೆನ್ಸರ್ ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ತನ್ನ ವಯರಿನ ಮೂಲಕವೇ ಎಳೆದುಕೊಳ್ಳುವುದರಿಂದ, ಅಲ್ಲಿ ಆಯಿಲ್ ತುಂಬಿದರೆ ಹೊಸ ಸೆನ್ಸರ್ ಕೂಡ ಕೆಡುತ್ತದೆ. ಪಿ0341 ಕ್ಯಾಮ್ ಸೆನ್ಸರಿನದು, ಪಿ0135 ಆಕ್ಸಿಜನ್ ಸೆನ್ಸರಿನ ಹೀಟರಿನದು. ಎರಡೂ ಒಟ್ಟಿಗೆ ಬಂದಿರುವುದನ್ನು ನೋಡಿದೊಡನೆ ನನಗೆ ಈ ಆಯಿಲಿನ ನೆನಪಾಯಿತು.

ನೋಡುವುದು ಸುಲಭ. ಬ್ಯಾಟರಿಯ ನೆಗೆಟಿವ್ ಕಳಚಿ, ಮ್ಯಾಗ್ನೆಟ್‌ನ ಪ್ಲಗ್ಗನ್ನು ಮೆಲ್ಲನೆ ಎಳೆದು, ಒಂದು ಬಿಳಿ ಟಿಶ್ಯೂ ಕಾಗದದ ತುದಿಯನ್ನು ಸುರುಳಿ ಮಾಡಿ ಪಿನ್ನುಗಳ ನಡುವೆ ತೂರಿಸಿ ತೆಗೆಯಿರಿ. ಕಾಗದ ಒಣಗಿದ್ದರೆ ಒಳ್ಳೆಯದು. ಜೇನಿನ ಬಣ್ಣದ ಕಲೆ ಅಂಟಿದ್ದರೆ ಕ್ಯಾಮ್ ಸೆನ್ಸರಿನ, ಆಕ್ಸಿಜನ್ ಸೆನ್ಸರಿನ ಮತ್ತು ಇಸಿಯುವಿನ ಪ್ಲಗ್ಗುಗಳನ್ನೂ ಹೀಗೆಯೇ ನೋಡಿ. ಕಲೆ ಇದ್ದಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ತೊಳೆಯಿರಿ, ಪೆಟ್ರೋಲ್ ಖಂಡಿತ ಬೇಡ. ಮ್ಯಾಗ್ನೆಟ್ ಎರಡನ್ನೂ ಬದಲಾಯಿಸಿ, ಅವುಗಳಿಗೂ ಮೂಲ ವಯರಿಂಗಿಗೂ ನಡುವೆ ಹಾಕುವ ಗಿಡ್ಡ ಜೋಡುವಯರನ್ನು ಕೇಳಿ ತರಿಸಿ. ಮುಂದೆ ಆಯಿಲ್ ಬಂದರೂ ಆ ತುಂಡಿನಲ್ಲಿಯೇ ತಡೆಯುತ್ತದೆ, ಆ ತುಂಡನ್ನು ಮಾತ್ರ ಬದಲಾಯಿಸಿದರೆ ಸಾಕಾಗುತ್ತದೆ.

ಬಿಸಿಯಲ್ಲಿ ನಿಲ್ಲುವುದು ಬೇರೆಯೇ ವಿಷಯ. ಅದು ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿರುವ, ಇಂಜಿನ್ ತಿರುಗುವುದನ್ನು ಇಸಿಯುವಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಲಕ್ಷಣ. ಬಿಸಿಗೆ ಅದರ ಒಳಗಿನ ಸಂಪರ್ಕ ಬಿಡುತ್ತದೆ, ತಣಿದಾಗ ಮತ್ತೆ ಕೂಡುತ್ತದೆ, ಎಷ್ಟೋ ಸಲ ಕೋಡ್ ಕೂಡ ಬೀಳುವುದಿಲ್ಲ. ಮುಂದಿನ ಸಲ ನಿಂತಾಗ ಸ್ಕ್ಯಾನರ್ ಜೋಡಿಸಿಕೊಂಡು ಸ್ಟಾರ್ಟರ್ ತಿರುಗಿಸುತ್ತ ಆರ್‌ಪಿಎಂ ಎಷ್ಟು ತೋರಿಸುತ್ತದೆಂದು ನೋಡಿ. ಇನ್ನೂರರ ಆಸುಪಾಸು ಇದ್ದರೆ ಸೆನ್ಸರ್ ಜೀವಂತವಾಗಿದೆ, ಕಾರಿನೊಳಗಿನ ಪೆಟ್ರೋಲ್ ಪಂಪಿನ ಕಡೆ ನೋಡಬೇಕು. ಸೊನ್ನೆ ಇದ್ದರೆ ಸೆನ್ಸರ್ ಇಲ್ಲವೇ ಅದರ ವಯರು.

ಮಂಜೇಶ್ವರದ ಅಕ್ಕ ಬರೆದದ್ದು:

ಮೇಲಿನವರು ಹೇಳಿದ್ದೆಲ್ಲ ಸರಿ. ಮಾಡಿನ ವಿಷಯದಲ್ಲಿ ನಾನು ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ನಮ್ಮ ಮನೆಯ ಇದೇ ಮಾದರಿಯ ಕಾರಿನಲ್ಲಿ ನಾನು ಇದನ್ನು ಅನುಭವಿಸಿದ್ದೇನೆ. ಡಿಕ್ಕಿಯೊಳಗೆ ಸಾಮಾನಿನ ಮೇಲೆ ಎಳೆದು ಸಿಕ್ಕಿಸುವ ಪರದೆ ಸರಿಯಾಗಿ ಕೂರದಿದ್ದರೆ ಮಾಡು ಅಲುಗಾಡುವುದೇ ಇಲ್ಲ. ಮೊದಲು ಅದನ್ನು ನೋಡಿ. ಅದು ಸರಿಯಿದ್ದರೆ ಡಿಕ್ಕಿಯ ಕಾರ್ಪೆಟ್ ಎತ್ತಿ ಕೈ ಇಟ್ಟು ನೋಡಿ. ನಮ್ಮದರಲ್ಲಿ ಹಿಂದಿನ ದೀಪದ ರಬ್ಬರ್ ಪಟ್ಟಿ ಗಟ್ಟಿಯಾಗಿ ಸಂದು ಬಿಟ್ಟಿತ್ತು. ಆಟಿ ತಿಂಗಳ ಮಳೆಯ ನೀರು ಅಲ್ಲಿಂದ ಇಳಿದು ಡಿಕ್ಕಿಯ ಫ್ಯೂಸ್ ಪೆಟ್ಟಿಗೆಯ ಮೇಲೆ ಬೀಳುತ್ತಿತ್ತು. ಪೆಟ್ಟಿಗೆ ಬಿಚ್ಚಿದಾಗ ಎರಡು ಪಿನ್ನುಗಳ ನಡುವೆ ಬೂಷ್ಟಿನಂಥ ಹಸಿರು ಪುಡಿ ಬೆಳೆದಿತ್ತು. ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಒಂದು ದಿನ ಪೂರ್ತಿ ಒಣಗಿಸಿ, ರಬ್ಬರ್ ಬದಲಾಯಿಸಿದ ಮೇಲೆ ಲಾಕ್ ತಾನಾಗಿ ಬೀಳುವುದೂ ನಿಂತಿತು.

ಕಾರನ್ನು ಹಲಸು ಅಥವಾ ಮಾವಿನ ಮರದ ಅಡಿಯಲ್ಲಿ ನಿಲ್ಲಿಸುತ್ತೀರಾದರೆ ಮುಂದಿನ ಗಾಜಿನ ಕೆಳಗಿನ ನೀರುಹಾದಿಯನ್ನೂ ತೆಗೆದು ನೋಡಿ, ಒಣಎಲೆ ಕಟ್ಟಿಕೊಂಡು ನೀರು ಒಳಗೆ ತಿರುಗುತ್ತದೆ. ಅಡಕೆ ಅಂಗಳದ ಹತ್ತಿರ ಇಲಿಗಳ ಕಾಟವಿದ್ದರೆ ವಯರು ಕಡಿದಿರುವುದನ್ನೂ ಹುಡುಕಿ. ಇಂಜಿನನ್ನು ಪ್ರೆಷರ್ ಪಂಪಿನಲ್ಲಿ ತೊಳೆಸುವುದನ್ನು ದಯವಿಟ್ಟು ಬಿಡಿ.

ಪೆರ್ಲದ ಮೇಷ್ಟ್ರು ಬರೆದದ್ದು:

ಪಿ0171ರ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿದೆ ಎಂಬುದು ಅದರ ಅರ್ಥ. ನಿಮ್ಮ ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡ ಎಷ್ಟು ಹೆಚ್ಚು ಅಥವಾ ಕಡಿಮೆ ಮಾಡುತ್ತಿದೆ) ಎಂಬ ಅಂಕಿಯನ್ನು ಎರಡು ಸ್ಥಿತಿಗಳಲ್ಲಿ ಬರೆದುಕೊಳ್ಳಿ: ಕಾದ ಇಂಜಿನ್ ನಿಂತಲ್ಲೇ ಓಡುವಾಗ ಒಮ್ಮೆ, 2500 ಆರ್‌ಪಿಎಂನಲ್ಲಿ ಹಿಡಿದಾಗ ಇನ್ನೊಮ್ಮೆ. ನಿಂತಲ್ಲಿ ಹೆಚ್ಚಾಗಿದ್ದು ವೇಗದಲ್ಲಿ ಇಳಿದರೆ ಎಲ್ಲಿಯೋ ಅಳತೆಗೆ ಸಿಗದ ಗಾಳಿ ಒಳಗೆ ನುಗ್ಗುತ್ತಿದೆ. ಏಕೆಂದರೆ ಸೋರಿಕೆಯ ಗಾಳಿ ಹೆಚ್ಚುಕಡಿಮೆ ಅಷ್ಟೇ ಇದ್ದು, ಇಂಜಿನ್ ಎಳೆಯುವ ಒಟ್ಟು ಗಾಳಿ ಏರಿದಂತೆ ಅದರ ಪಾಲು ಸಣ್ಣದಾಗುತ್ತದೆ. ವೇಗದಲ್ಲಿ ಏರಿದರೆ ಗಾಳಿಯ ಸೆನ್ಸರ್ ಅಥವಾ ಪೆಟ್ರೋಲ್ ಒತ್ತಡದ ತೊಂದರೆ. ಈ ಇಂಜಿನಿನಲ್ಲಿ ಸೂಪರ್‌ಚಾರ್ಜರಿನ ಅಡಿಯಲ್ಲಿ ಹೋಗುವ ಕ್ರ್ಯಾಂಕ್‌ಕೇಸ್ (ಇಂಜಿನಿನ ಕೆಳಭಾಗ) ಹೊಗೆಯ ರಬ್ಬರ್ ಪೈಪ್ ಬಿರಿಯುವುದು ಹೆಸರುವಾಸಿ. ಮೇಲಿನಿಂದ ಕಾಣುವುದಿಲ್ಲ, ಹೊಗೆ ಬಿಟ್ಟು ಪರೀಕ್ಷೆ ಮಾಡಿದರೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಅಂಶವಿದೆ. ಶುದ್ಧ ಪೆಟ್ರೋಲ್ ಒಂದು ಕಿಲೋ ಸುಡಲು ಸುಮಾರು 14.7 ಕಿಲೋ ಗಾಳಿ ಬೇಕು. ಶೇಕಡ 20 ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ಸುಮಾರು 13.5 ಕಿಲೋ ಸಾಕು. ಎಂದರೆ ಅದೇ ಗಾಳಿಗೆ ಸುಮಾರು ಶೇಕಡ 9ರಷ್ಟು ಹೆಚ್ಚು ಇಂಧನ ಹೋಗಬೇಕು. ಎಥೆನಾಲ್ ಇಲ್ಲದ ಪೆಟ್ರೋಲಿನ ಲೆಕ್ಕ ಹಿಡಿದಿರುವ ಹಳೆಯ ಇಸಿಯು ಈ ವ್ಯತ್ಯಾಸವನ್ನು ಟ್ರಿಮ್‌ನಲ್ಲಿಯೇ ತುಂಬಿಕೊಳ್ಳುತ್ತದೆ. ಹಿಂದೆ ದೀಪ ಹೊತ್ತಿಸದಿದ್ದ ಸಣ್ಣ ಸೋರಿಕೆ ಕೂಡ ಈಗ ಕೋಡ್ ತರಬಹುದು.

ಒಂದು ಕಡೆ ಮಾತ್ರ ಕುಂಬಳೆಯವರ ಮಾತನ್ನು ನಾನು ಒಪ್ಪುವುದಿಲ್ಲ. ಕ್ರ್ಯಾಂಕ್ ಸೆನ್ಸರ್ ದುಬಾರಿಯಲ್ಲ, ಕಾರು 2006ರದ್ದು. ಮತ್ತೆ ಹೆದ್ದಾರಿಯಲ್ಲಿ ನಿಲ್ಲುವವರೆಗೆ ಕಾದು ಪರೀಕ್ಷಿಸುವುದಕ್ಕಿಂತ ಅದನ್ನು ಈಗಲೇ ಬದಲಾಯಿಸುವುದು ಲೇಸು.

ಕುಂಬಳೆ ವಯರಿಂಗ್ ಬರೆದದ್ದು:

ಮೇಷ್ಟ್ರೇ, ಅಪಾಯದ ಮಾತು ನಿಜ, ಆರು ಪಥದ ರಸ್ತೆಯಲ್ಲಿ ಇಂಜಿನ್ ನಿಂತರೆ ಜೀವಕ್ಕೇ ಕುತ್ತು. ಆದರೆ ಪರೀಕ್ಷಿಸಲು ಹೆದ್ದಾರಿಗೆ ಹೋಗಬೇಕಾಗಿಲ್ಲ. ಅಂಗಳದಲ್ಲಿಯೇ ಬಾನೆಟ್ ಮುಚ್ಚಿ ಎಸಿ ಹಾಕಿ ಮುಕ್ಕಾಲು ಗಂಟೆ ಓಡಿಸಿದರೆ ಸೋತ ಸೆನ್ಸರ್ ಅಲ್ಲಿಯೇ ಕೈ ಕೊಡುವ ಸಾಧ್ಯತೆ ಹೆಚ್ಚು. ವಯರು ತುಂಡಾಗಿದ್ದರೆ ಹೊಸ ಸೆನ್ಸರ್ ಹಾಕಿಯೂ ಕಾರು ನಿಲ್ಲುತ್ತದೆ, ಅದಕ್ಕಾಗಿ ಹೇಳಿದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮುಂಭಾಗದಿಂದ ಒಂದೆರಡು ಸೆಕೆಂಡು ಸರಪಳಿ ಕುಲುಕಿದಂಥ ಶಬ್ದ ಬರುತ್ತದೆಯೇ ಎಂಬುದನ್ನೂ ಕೇಳಿಸಿಕೊಳ್ಳಿ, ಅಣ್ಣ. ಬಂದರೆ ಟೈಮಿಂಗ್ ಚೈನ್ ಮತ್ತು ಕ್ಯಾಮ್ ಗೇರುಗಳನ್ನು ತೆರೆದು ನೋಡದೆ ಕಾರನ್ನು ಓಡಿಸಬೇಡಿ. ಪಿ0341ಕ್ಕೆ ಅದೂ ಒಂದು ಕಾರಣ.

ಬದಿಯಡ್ಕದ ಕೃಷಿಕ ಬರೆದದ್ದು:

ಎರಡು ವಾರದ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಬ್ಯಾಟರಿಯಲ್ಲಿ 12.1 ವೋಲ್ಟ್ ಇತ್ತು; ಬದಲಾಯಿಸಿದೆ. ಅರ್ತ್ ಸರಿಯಿದೆ, ಸರಪಳಿಯ ಶಬ್ದ ಇಲ್ಲ. ಮ್ಯಾಗ್ನೆಟ್‌ನ ಪ್ಲಗ್ಗಿಗೆ ಟಿಶ್ಯೂ ತೂರಿಸಿ ತೆಗೆದರೆ ಅರ್ಧ ಇಂಚು ಆಯಿಲಿನಲ್ಲಿ ತೊಯ್ದು ಬಂತು. ಎರಡನೆಯದರಲ್ಲಿಯೂ ಹಾಗೆಯೇ. ಇಸಿಯು ಪ್ಲಗ್ಗಿನ ಒಂದು ಮೂಲೆಯಲ್ಲಿ ತೆಳುವಾದ ಪಸೆ ಮಾತ್ರ ಇತ್ತು, ತೊಳೆದು ಒಣಗಿಸಿದ್ದೇನೆ. ಹೊಸ ಮ್ಯಾಗ್ನೆಟ್ ಮತ್ತು ಜೋಡುವಯರು ಹಾಕಿದ ಮೇಲೆ ಪಿ0341 ಬಂದಿಲ್ಲ.

ಟ್ರಿಮ್ ನಿಂತಲ್ಲಿ ಶೇಕಡ 23 ಇತ್ತು, 2500ರಲ್ಲಿ 9ಕ್ಕೆ ಇಳಿಯಿತು. ಮೇಷ್ಟ್ರು ಹೇಳಿದ ಪೈಪ್ ಕೈಗೆ ಬಂದಾಗ ಬಗ್ಗಿಸಿದರೆ ಉದ್ದಕ್ಕೆ ಬಾಯಿ ಬಿಡುತ್ತಿತ್ತು. ಅದನ್ನು ಬದಲಾಯಿಸಿದ ಮೇಲೆ ಬೆಳಗಿನ ನಡುಕ ಹೋಯಿತು, ಎಳೆತವೂ ಮೊದಲಿನಂತಾಗಿದೆ. ಅಂಗಳದಲ್ಲಿ ಓಡಿಸಿಟ್ಟಾಗ ಐವತ್ತನೆಯ ನಿಮಿಷಕ್ಕೆ ಇಂಜಿನ್ ನಿಂತಿತು, ಸ್ಟಾರ್ಟರ್ ತಿರುಗಿಸಿದರೆ ಆರ್‌ಪಿಎಂ ಸೊನ್ನೆ. ಕ್ರ್ಯಾಂಕ್ ಸೆನ್ಸರ್ ಬದಲಾಯಿಸಿ, ಅದೇ ರೀತಿ ಎರಡು ಸಲ ಒಂದೂವರೆ ಗಂಟೆ ಓಡಿಸಿದೆ, ನಿಲ್ಲಲಿಲ್ಲ.

ಡಿಕ್ಕಿಯ ಕಾರ್ಪೆಟ್ ಅಡಿಯಲ್ಲಿ ಒದ್ದೆಯಿತ್ತು, ಅಕ್ಕ. ದೀಪದ ರಬ್ಬರ್ ತರಿಸಿದ್ದೇನೆ, ಫ್ಯೂಸ್ ಪೆಟ್ಟಿಗೆಯನ್ನು ಈ ಭಾನುವಾರ ಬಿಚ್ಚುತ್ತೇನೆ. ಉಳಿದಿರುವುದು ಪಿ0135 ಒಂದೇ. ಕಳೆದ ಬಾರಿ ಹಾಕಿದ ಹೊಸ ಆಕ್ಸಿಜನ್ ಸೆನ್ಸರಿನ ಪ್ಲಗ್ಗಿನಲ್ಲಿಯೂ ಆಯಿಲ್ ಇದೆ. ಅದನ್ನು ಈಗಲೇ ಬದಲಾಯಿಸಲೇ?

ಕುಂಬಳೆ ವಯರಿಂಗ್ ಬರೆದದ್ದು:

ಈಗಲೇ ಬೇಡ. ವಯರಿನೊಳಗೆ ಉಳಿದ ಆಯಿಲ್ ಇನ್ನೂ ಕೆಲವು ವಾರ ಇಳಿದು ಬರುತ್ತದೆ. ವಾರಕ್ಕೊಮ್ಮೆ ಆ ಪ್ಲಗ್ಗನ್ನು ಬಿಚ್ಚಿ ಒರೆಸಿ. ಟಿಶ್ಯೂ ಎರಡು ವಾರ ಸತತವಾಗಿ ಒಣಗಿ ಬಂದ ಮೇಲೆ ಹೀಟರಿಗೆ 12 ವೋಲ್ಟ್ ಬರುತ್ತಿರುವುದನ್ನು ಖಚಿತಪಡಿಸಿಕೊಂಡು ಹೊಸ ಸೆನ್ಸರ್ ಹಾಕಿ.