ಉಳುವಾಗ ಟ್ರ್ಯಾಕ್ಟರ್ ಹಾಡಿನ ಸೆಟ್ ಆಗಾಗ ಆಫ್ ಆಗುತ್ತಿದೆ, ಎಲ್ಲಿ ನೋಡಬೇಕು?

ಪ್ರಶ್ನೆ (ಶಿಡ್ಲಘಟ್ಟ ಕಡೆಯಿಂದ):
ಅಣ್ಣ, ಟ್ರ್ಯಾಕ್ಟರ್ ಹುಡ್‌ನಲ್ಲಿ (ತಲೆ ಮೇಲಿನ ಚಾವಣಿ) ಹಾಡಿನ ಸೆಟ್ ಕೂರಿಸಿ ಎರಡು ವರ್ಷ ಆಯಿತು. ಒಂದು ತಿಂಗಳಿಂದ ಪಟ್ ಅಂತ ನಿಂತುಹೋಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಬರುತ್ತದೆ. ಮನೆ ಮುಂದೆ ನಿಲ್ಲಿಸಿದಾಗ ಏನೂ ಆಗಲ್ಲ. ಹಿಪ್ಪುನೇರಳೆ ತೋಟದಲ್ಲಿ ಉಳುವಾಗ ಮಾತ್ರ ಕಾಟ, ಅದರಲ್ಲೂ ರಾತ್ರಿ ಹಿಂದಿನ ಲೈಟ್ ಹಾಕಿದರೆ ಜಾಸ್ತಿ. ವಾಪಸ್ ಬಂದಾಗ ಗಡಿಯಾರ 12 ಗಂಟೆಗೆ ಹೋಗಿರುತ್ತದೆ. ಬ್ಯಾಟರಿ ಹೊಸದು. ಸೆಟ್ಟೇ ಹೋಗಿದೆ, ಬೇರೆ ಹಾಕಿಸಿ ಅಂತ ಅಂಗಡಿಯಲ್ಲಿ ಹೇಳಿದರು. ಹಾಕಿಸಲಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಚಿಂತಾಮಣಿ):
ಬೇಡ, ಸುಮ್ನೆ ದುಡ್ಡು ಹಾಕಬೇಡಿ. ಗಡಿಯಾರದ ವಿಷಯ ಬರೆದಿದ್ದು ತುಂಬಾ ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ. ಸೆಟ್ ಹಿಂದೆ ಹಳದಿ, ಕೆಂಪು, ಕಪ್ಪು ಮೂರು ವೈರ್ ಇರುತ್ತವೆ. ಹಳದಿ ನೇರ ಬ್ಯಾಟರಿಯದು, ಗಡಿಯಾರ ಮತ್ತು ಮೆಮೊರಿ ಉಳಿಯುವುದು ಅದರಿಂದ. ಕೆಂಪು ಕೀ ಆನ್ ಮಾಡಿದಾಗ ಬರುವುದು. ಕಪ್ಪು ಅರ್ತ್, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ. ಕೆಂಪು ಲೂಸ್ ಆಗಿದ್ದರೆ ಸೆಟ್ ಆಫ್ ಆಗುತ್ತದೆ, ಆದರೆ ಗಡಿಯಾರ ಸರಿ ಇರುತ್ತದೆ. ನಿಮ್ಮದು ಗಡಿಯಾರವೂ ಹೋಗುತ್ತಿದೆ, ಅಂದರೆ ಹಳದಿ ಇಲ್ಲವೇ ಕಪ್ಪು.

ಲೈಟ್ ಹಾಕಿದಾಗ ಜಾಸ್ತಿ ಅಂದಿರಲ್ಲ, ಅದಕ್ಕೇ ನನ್ನ ಅನುಮಾನ ಕಪ್ಪಿನ ಮೇಲೆ. ಹೆಚ್ಚಿನವರು ಅರ್ತನ್ನು ಹುಡ್ ಪೈಪಿಗೇ ಸ್ಕ್ರೂ ಹಾಕಿ ಬಿಟ್ಟಿರುತ್ತಾರೆ. ಆ ಪೈಪಿಗೆ ಪೇಂಟ್ ಇದೆ, ಕೆಳಗೆ ಬೋಲ್ಟ್ ಹತ್ತಿರ ತುಕ್ಕು ಹಿಡಿದಿರುತ್ತದೆ, ಕೆಲವಕ್ಕೆ ರಬ್ಬರ್ ಬುಷ್ ಬೇರೆ. ಕರೆಂಟ್ ವಾಪಸ್ ಹೋಗಲು ಸರಿಯಾದ ದಾರಿ ಇಲ್ಲ. ಅದೇ ದಾರಿಯಲ್ಲಿ 55 ವ್ಯಾಟ್ ಬಲ್ಬಿನ ನಾಲ್ಕೂವರೆ ಆಂಪಿಯರ್ ಸೇರಿಕೊಂಡರೆ ಸೆಟ್‌ಗೆ ಸಿಗುವ ವೋಲ್ಟೇಜ್ ಇಳಿದುಹೋಗುತ್ತದೆ, 10-11 ವೋಲ್ಟ್‌ಗಿಂತ ಕೆಳಗೆ ಹೋದರೆ ಹೆಚ್ಚಿನ ಸೆಟ್‌ಗಳು ಆಫ್ ಆಗುತ್ತವೆ.

ಹೀಗೆ ನೋಡಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಯಲ್ಲಿಡಿ, ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಸೆಟ್‌ನ ತಗಡಿಗೆ. ಇಂಜಿನ್ ಓಡುತ್ತಿರಲಿ, ಹಾಡು ಜೋರಾಗಿರಲಿ, ಲೈಟ್ ಹಾಕಿ, ಒಬ್ಬರು ಹುಡ್ ಹಿಡಿದು ಅಲ್ಲಾಡಿಸಲಿ. 0.2 ವೋಲ್ಟ್ ಒಳಗೆ ಬಂದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿದ. ಸೆಟ್ ಆಫ್ ಇಟ್ಟುಕೊಂಡು ಮೀಟರ್ ಹಿಡಿದು 12.6 ಇದೆ, ವೈರಿಂಗ್ ಸರಿ ಇದೆ ಅನ್ನಬೇಡಿ. ಒಂದೇ ಎಳೆ ತಾಮ್ರ ಹಿಡಿದಿದ್ದರೂ ಮೀಟರ್ 12.6 ತೋರಿಸುತ್ತದೆ. ಕೆಲಸ ಕೊಟ್ಟಾಗಲೇ ಬಂಡವಾಳ ಗೊತ್ತಾಗುವುದು.

ಪ್ರಶ್ನೆ ಕೇಳಿದವರು:
ಅಣ್ಣ, ಲೈಟ್ ಇಲ್ಲದೆ 0.9. ಲೈಟ್ ಹಾಕಿದರೆ 3.4! ಹುಡ್ ಅಲ್ಲಾಡಿಸಿದಾಗ ಇನ್ನೂ ಕುಣಿಯಿತು. ಸ್ಕ್ರೂ ಬಿಚ್ಚಿದರೆ ವೈರ್ ತುದಿಯಲ್ಲಿ ಹಸಿರು ಪುಡಿ, ಬೆರಳಿಗೆ ಅಂಟಿತು. ಎಳೆದರೆ ನಾಲ್ಕೈದು ಎಳೆ ಅಷ್ಟೇ ಉಳಿದಿತ್ತು.

ಉತ್ತರ:
ಅದೇ. ಮಳೆ, ಗೊಬ್ಬರದ ಧೂಳು, ಅದುರಾಟ ಮೂರೂ ಸೇರಿದರೆ ತಾಮ್ರ ಉಳಿಯಲ್ಲ. ಬ್ಯಾಟರಿ ಮೈನಸ್ ಮೊದಲು ಬಿಚ್ಚಿ. ಸೆಟ್‌ನ ಕಪ್ಪು ವೈರಿಗೆ 2.5 ಸ್ಕ್ವೇರ್ ಎಂಎಂ ವೈರ್ ಸೇರಿಸಿ, ಹುಡ್ ಪೈಪಿನ ಸಹವಾಸವೇ ಬೇಡ, ನೇರ ಬ್ಯಾಟರಿ ಮೈನಸ್‌ಗೆ ಎಳೆಯಿರಿ. ಲೈಟಿನ ಅರ್ತ್ ಬೇರೆ ವೈರಿನಲ್ಲಿ ಚಾಸಿಗೆ ಕೊಡಿ, ಅಲ್ಲಿ ಪೇಂಟನ್ನು ಉಪ್ಪುಕಾಗದದಿಂದ ಉಜ್ಜಿ ಬಿಳಿ ಕಬ್ಬಿಣ ಕಾಣಬೇಕು. ತುದಿಗೆ ರಿಂಗ್ ಲಗ್ (ಬೋಲ್ಟ್‌ಗೆ ಕೂರುವ ಉಂಗುರದ ತುದಿ) ಒತ್ತಿ ಕ್ರಿಂಪ್ ಮಾಡಿಸಿ, ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ತಿರುಚಿ ಟೇಪ್ ಸುತ್ತುವುದು ಮಾತ್ರ ಬೇಡ, ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಹಳದಿ ವೈರಿನ ಫ್ಯೂಸನ್ನೂ ಒಮ್ಮೆ ನೋಡಿ, ಅಲ್ವಾ?

ಪ್ರಶ್ನೆ ಕೇಳಿದವರು:
ನೋಡಿದೆ. ಫ್ಯೂಸ್ ಸುಟ್ಟು ಯಾವ ಕಾಲವಾಯಿತೋ, ಅದರ ಜಾಗದಲ್ಲಿ ಯಾರೋ ತಾಮ್ರದ ತಂತಿ ಸುತ್ತಿದ್ದಾರೆ.

ಉತ್ತರ:
ಅದನ್ನು ಈಗಲೇ ಕಿತ್ತುಹಾಕಿ. ದಯವಿಟ್ಟು ನಾಳೆಗೆ ಇಡಬೇಡಿ. ವೈರ್ ಎಲ್ಲಾದರೂ ಸವೆದು ಟ್ರ್ಯಾಕ್ಟರ್ ತಗಡಿಗೆ ತಾಗಿದರೆ ಆ ತಂತಿ ಸುಡಲ್ಲ, ಇಡೀ ವೈರ್ ಹೊತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಡೀಸೆಲ್ ಪೈಪ್ ಇರುತ್ತದೆ. ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣು ದೂರದಲ್ಲಿ ಬ್ಲೇಡ್ ಫ್ಯೂಸ್ ಹೋಲ್ಡರ್ ಹಾಕಿ, 10 ಆಂಪಿಯರ್ ಸಾಕು. ಮಳೆಗೆ ಮುಚ್ಚಳ ಇರುವುದನ್ನೇ ಕೇಳಿ ತಗೊಳ್ಳಿ.

ಇನ್ನೊಬ್ಬರು (ಕೋಲಾರ):
ನಂದು ಟೊಮೆಟೊ ಲೋಡ್ ಹೊಡೆಯುವ ಗಾಡಿ. ಸೌಂಡ್ ಜೋರು ಮಾಡಿದಾಗ ಮಾತ್ರ ಆಫ್ ಆಗುತ್ತದೆ, ಗಡಿಯಾರ ಸರಿಯಾಗೇ ಇರುತ್ತದೆ. ಇದಕ್ಕೂ ಅರ್ತಾ?

ಉತ್ತರ:
ಮೊದಲು ಸ್ಪೀಕರ್ ವೈರ್ ನೋಡಿ. ಬಾಗಿಲಿನ ಹಿಂಜ್ ಹತ್ತಿರ ಸಿಕ್ಕಿಕೊಂಡು ಸಿಪ್ಪೆ ಸುಲಿದಿರುತ್ತದೆ, ತಗಡಿಗೆ ತಾಗಿದ ಕೂಡಲೇ ಸೆಟ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಎಲ್ಲಾ ಸ್ಪೀಕರ್ ಬಿಚ್ಚಿ ಒಂದೊಂದೇ ಹಾಕಿ ಜೋರು ಮಾಡಿ. ಯಾವುದನ್ನು ಹಾಕಿದಾಗ ನಿಲ್ಲುತ್ತದೋ ಆ ಕಡೆ ಬಾಗಿಲು ಬಿಚ್ಚಿ. ಯಾವುದಕ್ಕೂ ನಿಲ್ಲದೆ, ಎಲ್ಲಾ ಸೇರಿದಾಗ ಮಾತ್ರ ನಿಂತರೆ ಮೇಲಿನ ಮೀಟರ್ ಪರೀಕ್ಷೆ ಮಾಡಿ ರೀಡಿಂಗ್ ಇಲ್ಲಿ ಹಾಕಿ, ನೋಡೋಣ.

ಪ್ರಶ್ನೆ ಕೇಳಿದವರು:
ಅಣ್ಣ, ವೈರ್, ಫ್ಯೂಸ್ ಎರಡೂ ಹಾಕಿಸಿದೆ. ಈಗ ಲೈಟ್ ಹಾಕಿದರೂ 0.1. ನಿನ್ನೆ ರಾತ್ರಿ ಎರಡು ಎಕರೆ ಉತ್ತೆ, ಒಂದು ಸಲವೂ ನಿಲ್ಲಲಿಲ್ಲ. ಗಡಿಯಾರವೂ ಸರಿಯಾಗಿ 11:40 ತೋರಿಸುತ್ತಿತ್ತು.