ಅಪ್‌ಡೇಟ್: ಗಾಂಜಾ ಗಿಡದ ಚಿಗುರು ಮುರುಟೋದಕ್ಕೆ ಕಾರಣ ಸಿಕ್ತು

ಕೆನಡಾದ ಒಂಟಾರಿಯೊದ ನಮ್ಮ ಮನೆ ಒಳಗಿನ ಗಾಂಜಾ ಗಿಡಗಳ (ಇಲ್ಲಿ ಮನೆಗೆ 4 ಗಿಡ ಕಾನೂನುಬದ್ಧ) ಚಿಗುರು ಮಾತ್ರ ಮುರುಟಿ, ಒದ್ದೆಯಾದಂತೆ ಹೊಳೀತಿದೆ ಅಂತ ಕೇಳಿದ್ದೆ. ಸುಮಾರು ಜನ ಕ್ಯಾಲ್ಸಿಯಂ ಕೊರತೆ ಅಂದ್ರಿ. ಆದ್ರೆ ನೀರಿನ ಪಿಎಚ್ (ಆಮ್ಲೀಯತೆಯ ಅಳತೆ) 6.4 ಅಂದ್ರೆ ಸರಿಯಾಗೇ ಇತ್ತು, ಬೇರೂ ಬೆಳ್ಳಗೆ ಆರೋಗ್ಯವಾಗಿತ್ತು. 'ಹಾವೇರಿ ಕಡೆ ಮೆಣಸಿನ ಗಿಡದ ಮುಟುರು ರೋಗದ ಥರ ಇದೆ, ನುಸಿ (ಎಲೆ ರಸ ಹೀರೋ ಪುಟಾಣಿ ಜೀವಿ) ಹುಡುಕಿ' ಅಂದವರಿಗೆ ದೊಡ್ಡ ನಮಸ್ಕಾರ. 60 ಪಟ್ಟಿನ ಮಸೂರ ಹಿಡಿದ್ರೆ ಚಿಗುರೆಲೆ ಅಡಿಯಲ್ಲಿ ಬಿಳಿ ಚುಕ್ಕಿ ಚುಕ್ಕಿ ಇರೋ ನುಸಿ ಮೊಟ್ಟೆಗಳು! ಈ ನುಸಿ 0.2 ಮಿಲಿಮೀಟರ್ ಅಷ್ಟೇ, ಬರಿಗಣ್ಣಿಗೆ ಎಲ್ಲಿಂದ ಕಾಣ್ಬೇಕು?

ತುದಿಗಳನ್ನ ಕತ್ತರಿಸಿ, ಚೀಲ ಕಟ್ಟಿ ಬಿಸಾಕಿದೆ. ಸೇದೋ ಗಿಡಕ್ಕೆ ವಿಷ ಹೊಡೆಯೋಕೆ ಮನಸ್ಸು ಒಪ್ಪಲಿಲ್ಲ. ಬದಲಿಗೆ ಆ ನುಸಿಯನ್ನೇ ತಿನ್ನೋ ಸ್ವಿರ್ಸ್ಕಿ ಅನ್ನೋ ಬೇರೆ ಜಾತಿ ನುಸಿಯ ಪೊಟ್ಟಣ ತೂಗುಹಾಕಿದ್ದೀನಿ. ಈಗ ಹೊಸ ಎಲೆ ಚಪ್ಪಟೆಯಾಗಿ ಬರ್ತಿದೆ. ಮುರುಟಿದ ಎಲೆ ಮಾತ್ರ ಹಾಗೇ ಇರುತ್ತೆ, ಅದು ನೆಟ್ಟಗಾಗಲ್ಲ.